ಕೆಸು, ಸುಣ್ಣ, ಒಳ್ಳೆಮೆಣಸು: ಮಲೆನಾಡಿನ ಮನೆಯಲ್ಲಿ ಹೊರದೇಶದ ಅಡುಗೆ ಮಾಡುವ ಬಗೆ

ಹೊರದೇಶದ ಅಡುಗೆ ಮಾಡಬೇಕು ಅಂತ ಆಸೆ ಹುಟ್ಟಿದ ಕೂಡಲೇ ನಾವೆಲ್ಲ ಮಾಡುವುದು ಒಂದೇ ಕೆಲಸ. ಮೊಬೈಲಿನಲ್ಲಿ ವಿಡಿಯೋ ನೋಡುವುದು, ಅದರಲ್ಲಿ ಹೇಳಿದ ಸಾಮಾನೆಲ್ಲ ಚೀಟಿಯಲ್ಲಿ ಬರೆದುಕೊಳ್ಳುವುದು, ಶಿವಮೊಗ್ಗದ ಬಸ್ಸು ಹತ್ತುವುದು. ನಾನೂ ಹಾಗೇ ಮಾಡಿದ್ದೆ. ತೀರ್ಥಹಳ್ಳಿ ಹತ್ತಿರದ ನಮ್ಮೂರಿನಿಂದ ಹೋಗಿ, ಮೂರು ಅಂಗಡಿ ಅಲೆದು, ನಾಲ್ಕು ಬಾಟಲಿ ಸಾಸ್ ಹೊತ್ತು ತಂದೆ. ಎರಡು ಸಲ ಬಳಸಿದೆ. ಅಷ್ಟರಲ್ಲಿ ಮಳೆ ಹಿಡಿಯಿತು, ಮುಚ್ಚಳದ ಸುತ್ತ ಬೂಷ್ಟು ಕಟ್ಟಿತು, ಎಲ್ಲವನ್ನೂ ಗೊಬ್ಬರದ ಗುಂಡಿಗೆ ಸುರಿದೆ. ಅದೇ ಹೊತ್ತಿಗೆ ಹಿತ್ತಲಲ್ಲಿ ಕೆಸು ಸೊಂಟದುದ್ದ ಬೆಳೆದು ನಿಂತಿತ್ತು. ಅದೇ ಎಲೆಯನ್ನು ಫಿಲಿಪೀನ್ಸಿನವರು ತೆಂಗಿನಹಾಲಿನಲ್ಲಿ ಬೇಯಿಸಿ ಅನ್ನದ ಜೊತೆ ಉಣ್ಣುತ್ತಾರೆ ಅಂತ ಆಗ ನನಗೆ ಗೊತ್ತೇ ಇರಲಿಲ್ಲ.

ಈಗ ನಾನು ಆ ಕಡೆಯಿಂದಲೇ ಶುರು ಮಾಡುತ್ತೇನೆ. ಮೊದಲು ಹಿತ್ತಲು, ತೋಟ, ಅಟ್ಟ, ಸಂತೆ ನೋಡುವುದು. ಅಲ್ಲಿ ಸಿಗುವುದನ್ನೇ ತಿನ್ನುವ ಬೇರೆ ನಾಡಿನವರು ಯಾರಿದ್ದಾರೆ, ಅವರು ಅದನ್ನು ಹೇಗೆ ಮಾಡುತ್ತಾರೆ ಅಂತ ಹುಡುಕುವುದು. ಜೋರು ಮಳೆ, ತೆಂಗು, ಅಕ್ಕಿ, ಹಲಸು, ಬಿದಿರು ಇರುವ ಊರು ಪ್ರಪಂಚದಲ್ಲಿ ಬೇಕಾದಷ್ಟಿವೆ. ಅವರ ಅಡುಗೆ ನಮ್ಮ ಒಲೆಗೆ ಬೇಗ ಒಗ್ಗುತ್ತದೆ.

ಇನ್ನೊಂದು ಮಾತು, ಇದೇ ಮುಖ್ಯ. ಪ್ರತಿ ಅಡುಗೆಯಲ್ಲೂ ಬಿಡಬಾರದ್ದು ಅಂತ ಒಂದಿರುತ್ತದೆ. ಮಿಕ್ಕಿದ್ದನ್ನು ಬದಲಾಯಿಸಿದರೂ ನಡೆಯುತ್ತದೆ, ಅದೊಂದನ್ನು ಬಿಟ್ಟರೆ ಅಡುಗೆಯೇ ಬೇರೆ ಆಗುತ್ತದೆ. ನಮ್ಮ ಅಕ್ಕಿ ರೊಟ್ಟಿಯನ್ನೇ ತೆಗೆದುಕೊಳ್ಳಿ. ಅಕ್ಕಿ ಯಾವುದಾದರೂ ಆಗಲಿ, ಒಲೆ ಸೌದೆಯದ್ದೋ ಗ್ಯಾಸೋ ಆಗಲಿ, ಹಿಟ್ಟನ್ನು ಕುದಿನೀರಿನಲ್ಲಿ ಉಕ್ಕರಿಸದೆ ಇದ್ದರೆ ರೊಟ್ಟಿ ತಟ್ಟುವಾಗಲೇ ಬಿರಿಯುತ್ತದೆ. ಹೊರದೇಶದ ಅಡುಗೆಯಲ್ಲೂ ಆ ಉಕ್ಕರಿಸುವ ಕೆಲಸ ಯಾವುದು ಅಂತ ಹಿಡಿಯಬೇಕು. ಬಹಳ ಸಲ ಅದು ಬಾಟಲಿಯಲ್ಲಿ ಸಿಗುವ ಸಾಮಾನಾಗಿರುವುದಿಲ್ಲ, ಕೈಯಲ್ಲಿ ಮಾಡುವ ಒಂದು ಕೆಲಸವಾಗಿರುತ್ತದೆ.

ಕೆಸುವಿನಿಂದಲೇ ಶುರು ಮಾಡೋಣ. ಈ ಅಡುಗೆಯ ಹೆಸರು ಲಾಯಿಂಗ್. ಫಿಲಿಪೀನ್ಸಿನ ಬಿಕೋಲ್ ಅನ್ನುವ ಸೀಮೆಯದ್ದು, ಮಾಯೋನ್ ಜ್ವಾಲಾಮುಖಿ ಇರುವುದೂ ಅಲ್ಲೇ. ಆ ಸೀಮೆಯವರಿಗೆ ತೆಂಗಿನಹಾಲು ಮತ್ತು ಖಾರ ಅಂದರೆ ಜೀವ. ಅವರು ಕೆಸುವಿನ ಎಲೆಯನ್ನು ಹಸಿಯಾಗಿ ಹಾಕುವುದಕ್ಕಿಂತ ಒಣಗಿಸಿ ಹಾಕುವುದೇ ಜಾಸ್ತಿ. ಆಷಾಢದಲ್ಲಿ ನಮಗೆ ಬಿಸಿಲೆಲ್ಲಿ ಬರಬೇಕು? ಅದಕ್ಕೆ ನಾನು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ, ಎಲೆಯ ದಂಟು ನಾರು ತೆಗೆದು, ಎರಡು ಮೂರು ದಿನ ನೇತು ಹಾಕುತ್ತೇನೆ. ಹೊಗೆಯ ವಾಸನೆ ಸ್ವಲ್ಪ ಹತ್ತುತ್ತದೆ, ಅದು ಚೆನ್ನಾಗೇ ಇರುತ್ತದೆ. ಕೈಯಲ್ಲಿ ಹಿಸುಕಿದರೆ ಹಪ್ಪಳದ ಹಾಗೆ ಪುಡಿಯಾದರೆ ಸಾಕು.

ನಿಮ್ಮ ಮನೆಯಲ್ಲಿ ಪತ್ರೊಡೆಗೆ ಯಾವ ಕೆಸು ಕೊಯ್ಯುತ್ತೀರೋ ಅದನ್ನೇ ತೆಗೆದುಕೊಳ್ಳಿ. ಗದ್ದೆ ಬದುವಿನಲ್ಲಿ ಕಂಡ ಕಂಡ ಕಾಡುಕೆಸು ಬೇಡ. ಕೆಸುವಿನಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್ ಅಂತಾರೆ, ಗಂಟಲು ಕೆರೆಯುವುದು ಅದರಿಂದ. ಎಲೆ ಮುಟ್ಟುವ ಮುಂಚೆ ಕೈಗೆ ಕೊಬ್ಬರಿಎಣ್ಣೆ ಹಚ್ಚಿಕೊಳ್ಳಿ.

ಇಪ್ಪತ್ತು ಎಲೆಗೆ ಎರಡು ತೆಂಗಿನಕಾಯಿ ಬೇಕು. ಗಟ್ಟಿ ಹಾಲು ಒಂದು ಲೋಟ ಬೇರೆ ಇಡಿ, ಎರಡನೇ ಸಲ ಹಿಂಡಿದ ತೆಳು ಹಾಲು ಮೂರು ಲೋಟ ಬೇರೆ. ದಪ್ಪ ತಳದ ಪಾತ್ರೆಗೆ ತೆಳು ಹಾಲು ಹಾಕಿ, ಜಜ್ಜಿದ ಶುಂಠಿ ಎರಡು ಇಂಚು, ಬೆಳ್ಳುಳ್ಳಿ ಏಳೆಂಟು ಎಸಳು, ಹೆಚ್ಚಿದ ಈರುಳ್ಳಿ ಒಂದು, ಉಪ್ಪು ಸೇರಿಸಿ. ಮೀನು ತಿನ್ನುವವರು ಸಂತೆಯಲ್ಲಿ ಸಿಗುವ ಒಣ ಸೀಗಡಿ ಒಂದು ಹಿಡಿ ತೊಳೆದು, ಹುರಿದು ಹಾಕಿ, ಲಾಯಿಂಗಿಗೆ ಅದು ತುಂಬ ಹೊಂದುತ್ತದೆ. ಹಾಲು ಕುದಿ ಬಂದ ಮೇಲೆ ಒಣ ಎಲೆಯನ್ನು ಮೇಲೆ ಹರಡಿ, ಸೌಟಿನ ಬೆನ್ನಿನಿಂದ ಮೆಲ್ಲಗೆ ಒತ್ತಿ ಹಾಲಿನಲ್ಲಿ ಮುಳುಗಿಸಿ.

ಇನ್ನು ಕಲಕಬಾರದು. ಲಾಯಿಂಗಿನಲ್ಲಿ ಬಿಡಬಾರದ್ದು ಇದೇ. ಎಲೆ ಪೂರ್ತಿ ಬೇಯುವ ಮುಂಚೆ ಕಲಕಿದರೆ ಗಂಟಲು ಕೆರೆಯುತ್ತದೆ ಅಂತ ಅಲ್ಲಿನವರು ಹೇಳುತ್ತಾರೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಹಾಗೇ ಬಿಡಿ, ತಳ ಹಿಡಿಯುವ ಭಯ ಇದ್ದರೆ ಪಾತ್ರೆಯನ್ನೇ ಎತ್ತಿ ಸ್ವಲ್ಪ ಅಲ್ಲಾಡಿಸಿ. ಹಾಲೆಲ್ಲ ಎಲೆ ಹೀರಿಕೊಂಡ ಮೇಲೆ ಗಟ್ಟಿ ಹಾಲು, ಆರೆಂಟು ಸೂಜಿಮೆಣಸು ಹಾಕಿ. ಬದಿಯಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸಿ. ಅವರು ಹುಳಿ ಹಾಕುವುದಿಲ್ಲ. ನಮ್ಮಲ್ಲಿ ಕೆಸು ಅಂದರೆ ಹುಣಸೆಹುಳಿ ಇರಲೇಬೇಕು, ಹಾಗಾಗಿ ನಾನು ಕೊನೆಯಲ್ಲಿ ಒಂದು ಚಮಚ ಹುಳಿರಸ ಬಿಡುತ್ತೇನೆ. ಕುಚ್ಚಲಕ್ಕಿ ಅನ್ನ, ಪಕ್ಕದಲ್ಲಿ ಇದು. ಬೇರೆ ಏನೂ ಬೇಕಾಗುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟದ್ದು, ಮೆಕ್ಸಿಕೋದವರ ಮೆಕ್ಕೆಜೋಳದ ರೊಟ್ಟಿ, ಟೋರ್ಟಿಯಾ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇದರ ಗುಟ್ಟು ನಮ್ಮ ಎಲೆಅಡಿಕೆ ತಟ್ಟೆಯಲ್ಲೇ ಇದೆ.

ಮೆಕ್ಕೆಜೋಳ ಹುಟ್ಟಿದ್ದು ಮೆಕ್ಸಿಕೋದ ಕಡೆ, ಅಲ್ಲಿನ ಜನ ಸುಮಾರು 9000 ವರ್ಷದ ಹಿಂದೆಯೇ ಕಾಡುಹುಲ್ಲೊಂದನ್ನು ಪಳಗಿಸಿ ಅದನ್ನು ಬೆಳೆ ಮಾಡಿಕೊಂಡರು. ಈಗ ಶಿಕಾರಿಪುರ, ಸೊರಬ, ಹೊನ್ನಾಳಿ ಕಡೆ ಹೋದರೆ ರಸ್ತೆ ಎರಡೂ ಬದಿ ಅದೇ ಬೆಳೆ. ನಮ್ಮಲ್ಲಿ ಅದು ಹೆಚ್ಚಾಗಿ ಕೋಳಿ ಆಹಾರಕ್ಕೆ ಹೋಗುತ್ತದೆ. ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಲು ಹೋದವರಿಗೆ ಗೊತ್ತಿರುತ್ತದೆ, ಅದು ಒಂದಕ್ಕೊಂದು ಹಿಡಿದುಕೊಳ್ಳುವುದೇ ಇಲ್ಲ, ಅಂಚೆಲ್ಲ ಒಡೆದು ಉದುರುತ್ತದೆ. ಮೆಕ್ಸಿಕೋದವರು ಅದಕ್ಕೆ ಮಾಡುವ ಉಪಾಯ ಏನು ಅಂದರೆ, ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ಸುಣ್ಣ ಕಾಳಿನ ಸಿಪ್ಪೆಯನ್ನು ಕರಗಿಸಿ ಸಡಿಲ ಮಾಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ವಾಸನೆಯೇ ಬೇರೆ ಆಗುತ್ತದೆ.

ರುಚಿ ಮಾತ್ರ ಅಲ್ಲ, ಇದರಲ್ಲಿ ಆರೋಗ್ಯದ ದೊಡ್ಡ ಸಂಗತಿಯೂ ಇದೆ. ಮೆಕ್ಕೆಜೋಳದಲ್ಲಿ ನಿಯಾಸಿನ್ ಅನ್ನುವ ಬಿ ವಿಟಮಿನ್ ಇದ್ದರೂ ನಮ್ಮ ಮೈಗೆ ಸಿಗದ ಹಾಗೆ ಕಟ್ಟಿಕೊಂಡಿರುತ್ತದೆ. ಸುಣ್ಣ ಅದನ್ನು ಬಿಡಿಸುತ್ತದೆ. ಯುರೋಪಿನವರು ಮೆಕ್ಕೆಜೋಳ ತೆಗೆದುಕೊಂಡು ಹೋದರು, ಸುಣ್ಣದ ವಿದ್ಯೆ ಬಿಟ್ಟು ಹೋದರು. ಬರೀ ಮೆಕ್ಕೆಜೋಳದ ಮೇಲೇ ಬದುಕಿದ ಬಡವರಿಗೆ ಚರ್ಮ ಕಪ್ಪಾಗಿ ಸುಲಿಯುವ, ಭೇದಿಯಾಗುವ, ಬುದ್ಧಿ ಮಂಕಾಗುವ ಪೆಲಾಗ್ರಾ ಅನ್ನುವ ಕಾಯಿಲೆ ಬಂತು. 1735ರಲ್ಲಿ ಗ್ಯಾಸ್ಪರ್ ಕಸಾಲ್ ಅನ್ನುವ ವೈದ್ಯ ಸ್ಪೇನಿನಲ್ಲಿ ಇದನ್ನು ಮೊದಲು ಗುರುತಿಸಿ ಬರೆದ. ಕಾರಣ ಸರಿಯಾಗಿ ಗೊತ್ತಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. ಅಷ್ಟು ವರ್ಷ, ಅಷ್ಟು ಜನ. ಒಂದು ಚಮಚ ಸುಣ್ಣದ ಬೆಲೆ ಎಷ್ಟು ಅಂತ ಇದನ್ನು ಓದಿದಾಗ ನನಗೆ ನಿಜವಾಗಿ ಅನ್ನಿಸಿತು.

ಮಾಡುವ ಬಗೆ ಹೀಗೆ. ಅರ್ಧ ಕೆಜಿ ಒಣ ಮೆಕ್ಕೆಜೋಳ ತೆಗೆದುಕೊಳ್ಳಿ. ಬಿತ್ತನೆ ಬೀಜ ಯಾವ ಕಾರಣಕ್ಕೂ ಬೇಡ, ಅದಕ್ಕೆ ಬಣ್ಣದ ಜೊತೆ ವಿಷದ ಔಷಧಿ ಹಚ್ಚಿರುತ್ತಾರೆ. ಬೆಳೆದವರ ಮನೆಯಿಂದಲೇ ತಿನ್ನಲು ಇಟ್ಟ ಕಾಳು ಸಿಕ್ಕಿದರೆ ಒಳ್ಳೆಯದು. ಚೆನ್ನಾಗಿ ಆರಿಸಿ, ಬೂಷ್ಟು ಹಿಡಿದದ್ದನ್ನೆಲ್ಲ ತೆಗೆಯಿರಿ. ಸುಣ್ಣ ಐದು ಗ್ರಾಂ ಸಾಕು, ಅಂದರೆ ಕಾಳಿನ ತೂಕದ ನೂರಕ್ಕೆ ಒಂದು ಭಾಗ. ಒಣಪುಡಿಯಾದರೆ ಒಂದು ಸಣ್ಣ ಚಮಚ, ಎಲೆಅಡಿಕೆಗೆ ಹಚ್ಚುವ ಒದ್ದೆ ಸುಣ್ಣವಾದರೆ ಎರಡು. ಬಣ್ಣ, ಪರಿಮಳ ಹಾಕಿದ ಸುಣ್ಣ ಬೇಡ. ಗೋಡೆಗೆ ಬಳಿಯುವ ಸುಣ್ಣ ಅಂತೂ ಬೇಡವೇ ಬೇಡ.

ಪಾತ್ರೆ ಸ್ಟೀಲಿನದ್ದೇ ಆಗಬೇಕು. ಮೊದಲ ಸಲ ನಾನು ಗೊತ್ತಿಲ್ಲದೆ ಅನ್ನ ಬಸಿಯುವ ಅಲ್ಯೂಮಿನಿಯಂ ಪಾತ್ರೆಯಲ್ಲಿಟ್ಟೆ. ನೊರೆ ಬಂತು, ಒಳಗೆಲ್ಲ ಕಪ್ಪಾಯಿತು, ಕಾಳು ಪೂರ್ತಿ ಎಸೆದೆ. ಸುಣ್ಣ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಎರಡು ಲೀಟರ್ ನೀರಿಗೆ ಸುಣ್ಣ ಕದಡಿ, ಕಾಳು ಹಾಕಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಯಿಸಿ. ಸ್ವಲ್ಪ ಹೊತ್ತಿಗೆ ಕಾಳು ಕಡು ಹಳದಿಗೆ ತಿರುಗುತ್ತದೆ, ಅರಿಶಿನ ಹಾಕಿದ ಹಾಗೆ. ಒಂದು ಕಾಳು ತೆಗೆದು ಎರಡು ಬೆರಳಿನ ನಡುವೆ ತಿಕ್ಕಿ ನೋಡಿ. ಸಿಪ್ಪೆ ಜಾರಿ ಬಂದು, ಒಳಗೆ ಇನ್ನೂ ಗಟ್ಟಿ ಇದ್ದರೆ ಹದ ಸರಿ ಇದೆ. ಮೆತ್ತಗೆ ಬೇಯಿಸಬೇಡಿ. ಮುಚ್ಚಿ ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಆ ನೀರು ಚೆಲ್ಲಿ, ನಾಲ್ಕೈದು ನೀರಿನಲ್ಲಿ ಕಾಳನ್ನು ಎರಡೂ ಕೈಯಲ್ಲಿ ತಿಕ್ಕಿ ತೊಳೆಯಿರಿ. ಲೋಳೆ ಲೋಳೆಯಾದ ಸಿಪ್ಪೆ ಹೋಗುತ್ತದೆ. ಆಮೇಲೆ ರುಬ್ಬುವುದು. ಮಿಕ್ಸಿ ಸೋಲುತ್ತದೆ, ಜಾಸ್ತಿ ನೀರು ಕೇಳುತ್ತದೆ. ಗ್ರೈಂಡರಿನಲ್ಲಿ ಕೈಯಿಂದ ನೀರು ಚಿಮುಕಿಸುತ್ತಾ, ಸ್ವಲ್ಪ ಸ್ವಲ್ಪವೇ ಕಾಳು ಹಾಕುತ್ತಾ ರುಬ್ಬಿದರೆ ಅಕ್ಕಿ ರೊಟ್ಟಿಯ ಹದದ ಹಿಟ್ಟು ಬರುತ್ತದೆ. ಈ ಹಿಟ್ಟಿನ ಹೆಸರು ಮಸಾ. ನೀರು ಜಾಸ್ತಿಯಾಯಿತು ಅಂದರೆ ಒಂದು ಹಿಡಿ ಅಕ್ಕಿಹಿಟ್ಟು ಸೇರಿಸಿ ನಾದಿ.

ಅಮ್ಮ ಮೊದಲು ದೂರ ನಿಂತು ನೋಡುತ್ತಿದ್ದಳು. ಹಿಟ್ಟನ್ನು ಮುಟ್ಟಿ, ಮೂಸಿ, ಒಂದು ಉಂಡೆ ಕೈಗೆ ತೆಗೆದುಕೊಂಡು ಬಾಳೆಲೆ ಮೇಲೆ ಇಟ್ಟು, ಕೈ ಒದ್ದೆ ಮಾಡಿಕೊಂಡು ತಟ್ಟಿದಳು. ಅಂಚು ಒಡೆಯಲಿಲ್ಲ. "ಇದು ರೊಟ್ಟಿನೇ ಕಣೇ" ಅಂದಳು, ಅಷ್ಟೇ. ಅವತ್ತಿನಿಂದ ತಟ್ಟುವ ಕೆಲಸ ಅವಳದ್ದೇ. ನಿಮಗೆ ಕೈಯಲ್ಲಿ ತಟ್ಟಲು ಬರದಿದ್ದರೆ ನಿಂಬೆಹಣ್ಣಿನಷ್ಟು ಉಂಡೆಯನ್ನು ಎರಡು ಬಾಳೆಲೆ ತುಂಡಿನ ನಡುವೆ ಇಟ್ಟು, ಚಪ್ಪಟೆ ತಳದ ತಟ್ಟೆಯಿಂದ ಒತ್ತಿ.

ಕಾವಲಿ ಚೆನ್ನಾಗಿ ಕಾದಿರಬೇಕು, ಎಣ್ಣೆ ಬೇಡ. ಅರ್ಧ ನಿಮಿಷ ಆದ ಮೇಲೆ ಮಗುಚಿ, ಇನ್ನೊಂದು ಬದಿ ಒಂದು ನಿಮಿಷ, ಮತ್ತೆ ಮಗುಚಿ. ಬಟ್ಟೆಯಿಂದ ಒತ್ತಿದರೆ ಉಬ್ಬುತ್ತದೆ. ತೆಗೆದ ಕೂಡಲೇ ಬಟ್ಟೆಯಲ್ಲಿ ಸುತ್ತಿ ಒಂದರ ಮೇಲೊಂದು ಇಡಿ, ಅದರ ಹಬೆಯಲ್ಲೇ ಅದು ಮೆತ್ತಗಾಗುತ್ತದೆ. ಬಿಡಿಬಿಡಿಯಾಗಿ ಇಟ್ಟರೆ ಹತ್ತು ನಿಮಿಷಕ್ಕೆ ಚಕ್ಕೆ.

ಇದಕ್ಕೆ ಜೊತೆ ಬೇಕಲ್ವಾ? ಟೊಮೆಟೊ ನಾಲ್ಕು, ಹಸಿಮೆಣಸು ಮೂರು, ಸಿಪ್ಪೆ ಸಮೇತ ಬೆಳ್ಳುಳ್ಳಿ ನಾಲ್ಕು ಎಸಳು ಕೆಂಡದಲ್ಲಿ ಸುಟ್ಟು, ಒರಳಿನಲ್ಲಿ ಉಪ್ಪು ಹಾಕಿ ಜಜ್ಜಿ. ಸುಟ್ಟ ಗೊಜ್ಜು ಮಾಡಿದ ಹಾಗೇ, ಒಗ್ಗರಣೆ ಮಾತ್ರ ಇಲ್ಲ. ಇದೇ ಸಾಲ್ಸಾ. ಬೆಣ್ಣೆಹಣ್ಣು ಸಿಕ್ಕಿದರೆ ಅದನ್ನು ಹಿಸುಕಿ ಈರುಳ್ಳಿ, ಸೂಜಿಮೆಣಸು, ಕೊತ್ತಂಬರಿ, ನಿಂಬೆರಸ ಸೇರಿಸಿ. ಅದು ಗ್ವಾಕಮೋಲೆ. ಬೇಯಿಸಿ ಹಿಸುಕಿದ ರಾಜ್ಮಾ ಇದ್ದರೆ ಊಟ ಪೂರ್ತಿ ಆಯಿತು. ಮೆಕ್ಕೆಜೋಳ, ಟೊಮೆಟೊ, ಮೆಣಸಿನಕಾಯಿ, ರಾಜ್ಮಾ, ಬೆಣ್ಣೆಹಣ್ಣು ಎಲ್ಲ ಆ ಕಡೆಯ ಖಂಡದಿಂದಲೇ ಬಂದವು, ಹಾಗಾಗಿ ಈ ತಟ್ಟೆಯಲ್ಲಿ ಬದಲಿ ಸಾಮಾನು ಅಂತ ಏನೂ ಇಲ್ಲ. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೋ 2010ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಲೇಬೇಕಾದ್ದು.

ಮೆಣಸಿನಕಾಯಿ ಅಂದಾಗ ನೆನಪಾಯಿತು. ನಮಗೆ ಮೊದಲಿನಿಂದ ಇದ್ದದ್ದು ಮೆಣಸು, ಅಂದರೆ ಬಳ್ಳಿಯ ಕಾಳು. ಆಮೇಲೆ ಬಂದ ಖಾರದ ಕಾಯಿಗೆ ಮೆಣಸಿನ ಹೆಸರನ್ನೇ ಕೊಟ್ಟು, ಹಳೆಯದನ್ನು ಕಾಳುಮೆಣಸು, ಒಳ್ಳೆಮೆಣಸು ಅಂತ ಬೇರೆ ಮಾಡಿ ಕರೆದೆವು. ಆ ಒಳ್ಳೆಮೆಣಸಿಗಾಗಿಯೇ ಪೋರ್ಚುಗೀಸರು ನಮ್ಮ ಘಟ್ಟದ ಬಾಗಿಲಿಗೆ ಬಂದದ್ದು, ಶರಾವತಿ ದಂಡೆಯ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಅಂತ ಕರೆದದ್ದು. ಅದೇ ಕಾಳನ್ನೇ ನಂಬಿದ ಒಂದು ಅಡುಗೆ ರೋಮ್ ನಗರದಲ್ಲಿದೆ. ಕಾಚೋ ಎ ಪೆಪೆ. ಚೀಸ್ ಮತ್ತು ಮೆಣಸು ಅಂತ ಅರ್ಥ. ಪಾಸ್ತಾ, ಚೀಸ್, ಕಾಳುಮೆಣಸು, ಮೂರೇ ಸಾಮಾನು.

ಮೂರೇ ಇರುವುದರಿಂದ ತಪ್ಪನ್ನು ಮುಚ್ಚಲು ಜಾಗ ಇಲ್ಲ. ಬಿಸಿ ಪಾಸ್ತಾಕ್ಕೆ ಚೀಸ್ ಹಾಕಿದ ಕೂಡಲೇ ಅದು ಮುದ್ದೆಕಟ್ಟಿ ಸೌಟಿಗೆ ಅಂಟುತ್ತದೆ. 2025ರಲ್ಲಿ ಇಟಲಿಯ ಕೆಲವು ಭೌತವಿಜ್ಞಾನಿಗಳು ಇದನ್ನೇ ಕೂತು ಪರೀಕ್ಷೆ ಮಾಡಿದರು. ಚೀಸಿನ ತೂಕದ ನೂರಕ್ಕೆ ಎರಡು ಮೂರು ಭಾಗ ಪಿಷ್ಟ ಇದ್ದರೆ ಸಾಸ್ ಒಡೆಯುವುದಿಲ್ಲ ಅಂತ ಕಂಡುಕೊಂಡರು. ಇಬ್ಬರಿಗೆ 240 ಗ್ರಾಂ ಪಾಸ್ತಾ, 160 ಗ್ರಾಂ ಚೀಸ್, 4 ಗ್ರಾಂ ಪಿಷ್ಟ ಅನ್ನುವುದು ಅವರ ಲೆಕ್ಕ. ಪಿಷ್ಟಕ್ಕೆ ನಮ್ಮ ಮನೆಯ ಡಬ್ಬಿಯಲ್ಲೇ ಕೂವೆ ಹಿಟ್ಟು ಇದೆ ಅಲ್ವಾ, ಮಕ್ಕಳಿಗೆ ಹೊಟ್ಟೆ ಕೆಟ್ಟಾಗ ಕಾಯಿಸಿ ಕೊಡುವುದು. ಅದೇ ಸಾಕು.

ಒಂದು ಸಣ್ಣ ಚಮಚ ತುಂಬ ಕೂವೆ ಹಿಟ್ಟನ್ನು ಕಾಲು ಲೋಟ ನೀರಿನಲ್ಲಿ ಕದಡಿ, ಕಾಯಿಸಿ, ಪಾರದರ್ಶಕವಾದ ಮೇಲೆ ಇಳಿಸಿ ಆರಲು ಬಿಡಿ. ತುರಿದ ಚೀಸಿನ ಜೊತೆ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ. ರೋಮಿನವರು ಬಳಸುವುದು ಕುರಿಹಾಲಿನ ಪೆಕೊರಿನೊ. ಶಿವಮೊಗ್ಗದಲ್ಲಿ ಸಿಗುವ ಯಾವುದಾದರೂ ಗಟ್ಟಿ ಚೀಸ್ ತನ್ನಿ. ಅದೂ ಇಲ್ಲ, ಮಾಮೂಲಿ ಚೀಸ್ ಕ್ಯೂಬ್ ಮಾತ್ರ ಇದೆ ಅಂದರೆ ಅದನ್ನೇ ಹಾಕಿ, ರುಚಿ ಸ್ವಲ್ಪ ಸಪ್ಪೆ, ಆದರೆ ಅದರಲ್ಲಿ ಕರಗಿಸುವ ಲವಣ ಮೊದಲೇ ಸೇರಿಸಿರುವುದರಿಂದ ಒಡೆಯುವುದಿಲ್ಲ. ಒಳ್ಳೆಮೆಣಸು ಎರಡು ಸಣ್ಣ ಚಮಚ ಬಾಣಲೆಯಲ್ಲಿ ಘಂ ಅನ್ನುವವರೆಗೆ ಬೆಚ್ಚಗೆ ಮಾಡಿ, ಒರಳಿನಲ್ಲಿ ತರಿತರಿಯಾಗಿ ಕುಟ್ಟಿ. ಪುಡಿ ಡಬ್ಬಿಯ ಮೆಣಸು ಹಾಕಿದರೆ ಈ ಅಡುಗೆ ಮಾಡುವುದೇ ಬೇಡ. ಪಾಸ್ತಾ ಬೆಂದ ನೀರು ಒಂದು ಸೌಟು ಮೆಣಸಿಗೆ ಹಾಕಿ ಕುದಿಸಿ, ಪಾಸ್ತಾ ಹಾಕಿ ತಿರುವಿ, ಒಲೆ ಆರಿಸಿ. ಒಂದೆರಡು ನಿಮಿಷ ತಡೆಯಿರಿ. ಆಮೇಲೆ ಚೀಸ್. ಉರಿ ಮೇಲೆ ಚೀಸ್ ಹಾಕಬಾರದು, ಇದರಲ್ಲಿ ಬಿಡಬಾರದ್ದು ಅದೇ.

ಜಾವಾದವರ ಗುದೆಗ್ ಮಾಡಲು ಎಳೆ ಹಲಸಿನಕಾಯಿ ಬರುವವರೆಗೆ ಕಾಯಬೇಕು. ಯೋಗ್ಯಕರ್ತಾ ಊರಿನ ಹೆಮ್ಮೆಯ ಅಡುಗೆ ಇದು, ಎಳೆ ಹಲಸನ್ನು ತೆಂಗಿನಹಾಲು ಮತ್ತು ತಾಳೆಬೆಲ್ಲದಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬಣ್ಣಕ್ಕೆ ಅವರು ಹಾಕುವುದು ಏನು ಗೊತ್ತಾ? ತೇಗದ ಎಲೆ. ಚಿಕ್ಕವರಿದ್ದಾಗ ಶಾಲೆಯಿಂದ ಬರುವಾಗ ತೇಗದ ಚಿಗುರನ್ನು ಅಂಗೈಯಲ್ಲಿ ತಿಕ್ಕಿ, ರಕ್ತ ಬಂತು ಅಂತ ಎಲ್ಲರಿಗೂ ತೋರಿಸುತ್ತಿದ್ದೆವಲ್ಲ, ಆ ಕೆಂಪೇ ಅಲ್ಲಿ ಪಾತ್ರೆಯೊಳಗೆ ಇಳಿಯುವುದು. ಇದನ್ನು ತಿಳಿದ ದಿನ ನಾನು ತೋಟದ ಬೇಲಿಯ ತೇಗದ ಹತ್ತಿರ ಹೋಗಿ ಸುಮ್ನೆ ಸ್ವಲ್ಪ ಹೊತ್ತು ನಿಂತಿದ್ದೆ.

ಹೋಳು ಮಾಡಿದ ಎಳೆ ಹಲಸು ಒಂದು ಕೆಜಿ. ಸಣ್ಣ ಈರುಳ್ಳಿ ಎಂಟು, ಬೆಳ್ಳುಳ್ಳಿ ಆರು ಎಸಳು, ಹುರಿದ ಕೊತ್ತಂಬರಿ ಬೀಜ ಒಂದು ದೊಡ್ಡ ಚಮಚ, ಗೇರುಬೀಜ ಎಂಟು ನುಣ್ಣಗೆ ರುಬ್ಬಿ. ಅವರು ಕ್ಯಾಂಡಲ್‌ನಟ್ ಅನ್ನುವ ಬೀಜ ಹಾಕುತ್ತಾರೆ, ಅದರ ಜಾಗಕ್ಕೆ ಗೇರುಬೀಜ ನಡೆಯುತ್ತದೆ. ಪಾತ್ರೆಯ ತಳಕ್ಕೆ ತೊಳೆದ ತೇಗದ ಎಲೆ ಎರಡು, ಪಲಾವ್ ಎಲೆ ಮೂರು, ಅದರ ಮೇಲೆ ಹಲಸು, ಮಸಾಲೆ, ಜಜ್ಜಿದ ಶುಂಠಿ, ಉಪ್ಪು, ಮುಕ್ಕಾಲು ಲೋಟ ಜೋನಿಬೆಲ್ಲ, ನಾಲ್ಕು ಲೋಟ ತೆಂಗಿನಹಾಲು. ಸುಲಿದ ಬೇಯಿಸಿದ ಮೊಟ್ಟೆ ಇದ್ದರೆ ಅದನ್ನೂ ಒಳಗೇ ಹುದುಗಿಸಿ. ಇನ್ನು ಅವಸರ ಬೇಡ. ಕುಕ್ಕರ್ ಕೂಗಿಸಿದರೆ ಹಲಸು ಬೇಯುತ್ತದೆ, ಗುದೆಗ್ ಆಗುವುದಿಲ್ಲ. ಸಣ್ಣ ಉರಿಯಲ್ಲಿ ನಾಲ್ಕೈದು ಗಂಟೆ ಬೇಕು, ಸೌದೆ ಒಲೆಯಾದರೆ ಉರಿ ಎಳೆದು ಬರೀ ಕೆಂಡದ ಮೇಲೆ ರಾತ್ರಿ ಬಿಟ್ಟುಬಿಡಿ. ಹಾಲು ಬತ್ತಿ, ಹಲಸು ಕಡುಕಂದು ಬಣ್ಣಕ್ಕೆ ಬಂದು, ಸೌಟು ತಾಗಿದರೆ ಎಳೆಎಳೆಯಾಗಿ ಬಿಟ್ಟುಕೊಳ್ಳಬೇಕು. ತೇಗದ ಎಲೆ ತೆಗೆದು ಬಡಿಸಿ. ಸಿಹಿ ಮುಂದಾಗಿಯೇ ಇರುತ್ತದೆ, ಪಕ್ಕಕ್ಕೆ ಖಾರದ ಚಟ್ನಿ ಬೇಕು. ಮರುದಿನ ಇನ್ನೂ ರುಚಿ.

ಇಥಿಯೋಪಿಯಾದ ಇಂಜೆರಾ ನಮ್ಮ ದೋಸೆಗೆ ತೀರ ಹತ್ತಿರ. ಅಲ್ಲಿ ಟೆಫ್ ಅನ್ನುವ ಸಾಸಿವೆಗಿಂತ ಚಿಕ್ಕ ಕಾಳಿನ ಹಿಟ್ಟಿನಲ್ಲಿ ಮಾಡುತ್ತಾರೆ. ಟೆಫ್ ಹುಡುಕಿಕೊಂಡು ಅಲೆಯಬೇಡಿ. ರಾಗಿಯ ತವರು ಕೂಡ ಪೂರ್ವ ಆಫ್ರಿಕಾದ ಬೆಟ್ಟದ ಸೀಮೆಯೇ, ಇಥಿಯೋಪಿಯಾದಲ್ಲಿ ರಾಗಿಯನ್ನು ದಗುಸ್ಸಾ ಅಂತ ಕರೆದು ಅದರಲ್ಲೂ ಇಂಜೆರಾ ಮಾಡುತ್ತಾರೆ. ಎರಡು ಲೋಟ ರಾಗಿಹಿಟ್ಟು, ಅರ್ಧ ಲೋಟ ಗೋಧಿಹಿಟ್ಟು, ಮೂರು ಲೋಟ ನೀರು ಕಲಸಿ ಮುಚ್ಚಿಡಿ. ಬೇಸಿಗೆಯಲ್ಲಿ ಎರಡು ದಿನ, ಮಳೆಗಾಲದಲ್ಲಿ ಮೂರು. ಈ ಹುಳಿಯನ್ನು ಅವಸರಕ್ಕೆ ಮೊಸರು, ಸೋಡಾ ಹಾಕಿ ತರಿಸಲು ಹೋಗಬೇಡಿ, ಬಿಡಬಾರದ್ದು ಅದೇ. ಮೇಲೆ ನಿಂತ ತಿಳಿನೀರು ಚೆಲ್ಲಿ. ಒಂದು ಸೌಟು ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಜಿಯಂತೆ ಕಾಯಿಸಿ, ಆರಿಸಿ, ಮತ್ತೆ ಅದಕ್ಕೇ ಸೇರಿಸಿ. ಒಂದೆರಡು ಗಂಟೆಗೆ ಗುಳ್ಳೆ ಏಳುತ್ತದೆ. ನೀರುದೋಸೆಗಿಂತ ತುಸು ಗಟ್ಟಿ ಇರಲಿ. ಕಾವಲಿಗೆ ಹೊರಗಿನಿಂದ ಒಳಗೆ ಸುತ್ತಿ ಹುಯ್ಯಿರಿ, ತೂತು ಬಿದ್ದ ಮೇಲೆ ಮುಚ್ಚಿ, ಮಗುಚಬೇಡಿ. ಬರೀ ರಾಗಿ ಇದ್ದರೆ ಬೇಗ ಹರಿಯುತ್ತದೆ, ಅದಕ್ಕೇ ಸ್ವಲ್ಪ ಗೋಧಿ.

ಇದರ ಮೇಲೆ ಹಾಕುವ ಬೇಳೆಗೆ ಮಿಸಿರ್ ವೊಟ್ ಅಂತ ಹೆಸರು. ಮೂರು ದೊಡ್ಡ ಈರುಳ್ಳಿಯನ್ನು ತೀರ ಸಣ್ಣಗೆ ಹೆಚ್ಚಿ ಎಣ್ಣೆ ಇಲ್ಲದೆಯೇ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಾಡಿಸಿ, ಆಮೇಲೆ ತುಪ್ಪ. ಬ್ಯಾಡಗಿ ಮೆಣಸಿನಕಾಯಿ, ಮೆಂತ್ಯ, ಓಮ, ಏಲಕ್ಕಿ, ಲವಂಗ, ಒಳ್ಳೆಮೆಣಸು ಹುರಿದು ಮಾಡಿದ ಪುಡಿ ಎರಡು ಚಮಚ, ಶುಂಠಿ, ಬೆಳ್ಳುಳ್ಳಿ, ಕೊನೆಗೆ ಒಂದು ಲೋಟ ಚನ್ನಂಗಿ ಬೇಳೆ, ನೀರು, ಉಪ್ಪು. ದೊಡ್ಡ ತಟ್ಟೆಯಲ್ಲಿ ಇಂಜೆರಾ ಹಾಸಿ, ಮೇಲೆ ಬೇಳೆ ಹಾಕಿ, ಎಲ್ಲರೂ ಸುತ್ತ ಕೂತು ಹರಿದು ತಿನ್ನುವುದು. ಊಟ ಆದ ಮೇಲೆ ಅವರು ಕಾಫಿ ಬೀಜವನ್ನು ಅಲ್ಲೇ ಹುರಿದು ಕುಟ್ಟಿ ಕಾಯಿಸುತ್ತಾರೆ. ಕಾಫಿಯೂ ಅವರ ಕಾಡಿನದ್ದೇ. ಯೆಮೆನ್ ದಾಟಿ, ಬಾಬಾ ಬುಡನ್ ತಂದ ಏಳು ಬೀಜದ ಮೂಲಕ ಚಂದ್ರದ್ರೋಣ ಬೆಟ್ಟಕ್ಕೆ ಬಂತು ಅಂತ ನಮ್ಮಲ್ಲಿ ಎಲ್ಲರೂ ಹೇಳುವುದು ಅದನ್ನೇ.

ಥಾಯ್ ಹಸಿರು ಸಾರಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಮಾಡುವವರು ಈಗ ಬಹಳ ಜನ ಇದ್ದಾರೆ. ಎರಡು ಮಾತು ಮಾತ್ರ. ಹಸಿಮೆಣಸು, ಸೂಜಿಮೆಣಸು, ಮಜ್ಜಿಗೆಹುಲ್ಲಿನ ಬುಡ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಬೇರು, ಜೀರಿಗೆ, ನಿಂಬೆ ಸಿಪ್ಪೆಯ ಹಸಿರು ಭಾಗ, ಇದನ್ನು ಮಿಕ್ಸಿ ಬಿಟ್ಟು ಒರಳಿನಲ್ಲಿ ಜಜ್ಜಿ. ಗಟ್ಟಿ ತೆಂಗಿನಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿ ಆ ಎಣ್ಣೆಯಲ್ಲೇ ಮಸಾಲೆ ಹುರಿಯಿರಿ, ಆಮೇಲೆ ತೆಳು ಹಾಲು. ಬೇರೆ ತರಕಾರಿಗಿಂತ ಕಳಲೆ ಹಾಕಿ ನೋಡಿ, ಥಾಯ್ಲೆಂಡಿನವರಿಗೂ ಅದು ಅಚ್ಚುಮೆಚ್ಚು. ಕಳಲೆಯನ್ನು ಮಾತ್ರ ನಮ್ಮ ಪದ್ಧತಿಯಂತೆ ಹೆಚ್ಚಿ ಮೂರು ದಿನ ನೀರು ಬದಲಾಯಿಸುತ್ತಾ ನೆನೆಸಿ, ಬೇಯಿಸಿ ನೀರು ಚೆಲ್ಲಿಯೇ ಬಳಸಬೇಕು. ಹಸಿ ಕಳಲೆಯಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇರುತ್ತದೆ.

ಒಂದು ಊಟಕ್ಕೆ ಒಂದೇ ಹೊಸ ಅಡುಗೆ ಮಾಡಿ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಅನ್ನ, ತಿಳಿಸಾರು, ಮಜ್ಜಿಗೆ ಇರಲಿ. ಅವರು ಮೊದಲು ಸಾರನ್ನವನ್ನೇ ಉಣ್ಣುತ್ತಾರೆ, ಆಮೇಲೆ ಬಟ್ಟಲು ಹತ್ತಿರ ಎಳೆದುಕೊಂಡು "ಅದೇನೋ ಮಾಡಿದ್ಯಲ್ಲ, ಸ್ವಲ್ಪ ಹಾಕು ನೋಡನ" ಅಂತಾರೆ. ಆಗ ಬಿಸಿ ಇರುವ ಹಾಗೆ ಒಲೆಯ ಬದಿಯಲ್ಲಿ ಮುಚ್ಚಿಟ್ಟಿರಿ.